ಕ್ಯಾರಿಯರ್ ಮೇಲೆ ಕೂತವರು

ಮಲಗೋ ಹೊತ್ತಲ್ಲಿ ಇದನ್ನ ಹೇಳಬಾರದು. ಆದರೂ ಬಿಡ್ತಿಲ್ಲವಲ್ಲ ನೀವು, ಹೇಳ್ತೀನಿ. ಯಾರೋ ಕಂಡದ್ದು, ಯಾರೋ ಹೇಳಿದ್ದು ಅಲ್ಲ ಇದು. ನನ್ನ ಚಿಕ್ಕಮ್ಮನ ಮಗಳು ಡೆಸ್ರೀನ್‌ಗೆ ಆದದ್ದು. ಅವಳ ಬಾಯಿಂದಲೇ ಕೇಳಿದೆ. ಕೊನೆಯದೊಂದನ್ನು ಮಾತ್ರ... ಅದಿರಲಿ. ಅಲ್ಲಿಗೆ ಬಂದಾಗ ನೋಡೋಣ.

ಅವತ್ತು ಡೆಸ್ರೀನ್ ಹೋಟೆಲಿನ ಹಿಂಬಾಗಿಲಿಂದ ಹೊರಗೆ ಬಂದಾಗ ದ್ವೀಪ ಪೂರ್ತಿ ಮಲಗಿತ್ತು. ಫ್ಲಾರಿಡಾದ ಕ್ಯಾಸ್ಟನ್ ದ್ವೀಪ. ಜನವರಿ ತಿಂಗಳು. ಬಡಗಣ ಗಾಳಿ ಬೀಸುತ್ತಿತ್ತು. ಇಡೀ ಸಂಜೆ ಲಾಂಡ್ರಿಯ ಬಿಸಿಯಲ್ಲಿ ಬೆಂದ ಮೈಗೆ ಆ ಗಾಳಿ ತಾಗಿ ಹಲ್ಲು ಕಟಕಟ ಅಂದವು. ಕಸದ ಡಬ್ಬಗಳ ಹಿಂದೆ ಒರಗಿಸಿದ್ದ ಸೈಕಲ್ ಎಳಕೊಂಡಳು. ಊರಿಗೆ ವಾಪಸ್ ಹೋದ ಅಡುಗೆಯವನೊಬ್ಬ ಬಿಟ್ಟುಹೋದ ಸೈಕಲ್ಲು ಅದು. ಉಪ್ಪು ಗಾಳಿಗೆ ಚೈನು ತುಕ್ಕು ಹಿಡಿದಿತ್ತು. ತುಳಿದಾಗಲೆಲ್ಲ ಕಿರ್ರ್... ಕಿರ್ರ್... ದೀಪ ಇಲ್ಲ. ಹಿಂದೆ ಒಂದು ಕಬ್ಬಿಣದ ಕ್ಯಾರಿಯರ್ ಇತ್ತು, ಅಷ್ಟೇ.

ಅಲ್ಲಿರೋದು ಒಂದೇ ರಸ್ತೆ. ಎಡಕ್ಕೆ ಸಮುದ್ರ ನೋಡೋ ಮನೆಗಳು. ಬಲಕ್ಕೆ ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲಾ ಗಿಡಗಳ ಕೆಸರು. ರಸ್ತೆ ಮುಗಿಯೋ ಕಡೆ ಒಂದು ಆಲದ ಮರ. ಹಿಂದಿನ ಕಾಲದ ಯಾವನೋ ಸಾಹುಕಾರ ಶೋಕಿಗೆ ನೆಟ್ಟದ್ದಂತೆ. ಈಗ ಬಿಳಲು ಬಿಟ್ಟು ರಸ್ತೆಯನ್ನೇ ಕವುಚಿಕೊಂಡಿದೆ. ಆಲ ದಾಟಿದರೆ ಉದ್ದ ಸೇತುವೆ. ಸೇತುವೆಯಾಚೆ ದಡ, ದಡದಲ್ಲಿ ಊರಿನ ಬಸ್ ನಿಲ್ದಾಣ, ಅದರ ಹಿಂದೆ ನಮ್ಮವರು ಇರೋ ಕೋಣೆಗಳು.

ನಮ್ಮ ಜಮೈಕಾದಲ್ಲಿ ಕತ್ತಲಾದ ಮೇಲೆ ಬೂರುಗದ ಮರದ ಕೆಳಗೆ ಯಾರೂ ಹಾಯೋದಿಲ್ಲ. ಅಲ್ಲಿ ಯಾರಿರ್ತಾರೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿ ಬೂರುಗ ಇಲ್ಲ. ಆಲ ಇದೆ.

ಡೆಸ್ರೀನ್ ಮರದ ಕೆಳಗೆ ಬಂದಳು...

ಬೆಚ್ಚಗಿನ ಗಾಳಿ ಒಂದು ಮುಖಕ್ಕೆ ತಾಗಿತು. ಅಷ್ಟು ಚಳಿಯಲ್ಲಿ. ಯಾರೋ ತೀರಾ ಹತ್ತಿರ ನಿಂತು ಉಸಿರು ಬಿಟ್ಟ ಹಾಗೆ. ರಾತ್ರಿ ಬೆಚ್ಚಗಿನ ಗಾಳಿ ತಾಗಿದರೆ ಪಕ್ಕದಲ್ಲಿ ಸತ್ತವರಿದ್ದಾರೆ ಅಂತ ಅವಳ ಅಜ್ಜಿ ಹೇಳುತ್ತಿದ್ದಳು. ತಲೆ ಊದಿಕೊಂಡು ಎರಡು ಪಟ್ಟು ಆದ ಹಾಗಾಯ್ತು.

ಆಗ ಹಿಂದೆ... ಕಿಚ್.

ಕ್ಯಾರಿಯರಿನ ಸದ್ದು. ಸೈಕಲ್ಲು ಓಲಾಡಿತು. ಹಿಂದಿನ ಚಕ್ರ ನೆಲಕ್ಕೆ ಒತ್ತಿತು. ಹೆಂಗಸರು ಕಾಲೆರಡನ್ನೂ ಒಂದೇ ಕಡೆ ಇಳಿಬಿಟ್ಟು ಕೂತರೆ ಸೈಕಲ್ಲು ಆ ಕಡೆಗೇ ಎಳೆಯುತ್ತಲ್ಲ... ಹಾಗೆ ಎಡಕ್ಕೆ ಎಳೆಯಿತು.

ಅವಳು ತಿರುಗಿ ನೋಡಲಿಲ್ಲ. ತುಳಿದಳು. ಸೇತುವೆಯ ಕಬ್ಬಿಣದ ಪಟ್ಟಿಗಳ ಮೇಲೆ ಚಕ್ರ ಹಾಯುವಾಗ ಮುಂದಿನದು ಟಕ್ ಅನ್ನುತ್ತಿತ್ತು. ಹಿಂದಿನದು ಢಬ್ ಅನ್ನುತ್ತಿತ್ತು. ಟಕ್... ಢಬ್. ಟಕ್... ಢಬ್. ಕೆಳಗೆ ಕಟ್ಟಿಹಾಕಿದ ದೋಣಿಗಳಲ್ಲಿ ಹಗ್ಗಗಳು ಕಂಬಕ್ಕೆ ಬಡಿದು ಟಿಣ್... ಟಿಣ್... ಅನ್ನುತ್ತಿದ್ದವು. ಹಿಂದೆ ಕೂತದ್ದು ಮಾತ್ರ ಉಸಿರೂ ಆಡಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಬಂದದ್ದೇ, ಭಾರ ಇಳಿಯಿತು. ಸೈಕಲ್ಲು ಒಮ್ಮೆಗೇ ಹಗುರಾಗಿ, ಡೆಸ್ರೀನ್ ಮುಗ್ಗರಿಸಿ ರಸ್ತೆಗೆ ಬಿದ್ದಳು. ಮೊಣಕಾಲು ತರಚಿತು. ಏಳೋಷ್ಟರಲ್ಲಿ ಬೆಂಚಿನ ಕಡೆಯಿಂದ ಸಣ್ಣ ದನಿ.

"ಡೆಸ್... ಬಸ್ ಬಂತಾ?"

ಆ ದನಿ ಅವಳಿಗೆ ಗೊತ್ತಿತ್ತು. ಮಿಸ್ ಪರ್ಲೀದು. ಮಿಸ್ ಪರ್ಲೀ ಸತ್ತು ವರ್ಷ ಆಗುತ್ತಾ ಬಂದಿತ್ತು.

ರಾತ್ರಿ ಸತ್ತವರು ಕರೆದರೆ ಓ ಅನ್ನಬಾರದು. ಡೆಸ್ರೀನ್ ಅನ್ನಲಿಲ್ಲ. ಸೈಕಲ್ಲನ್ನು ಅಲ್ಲೇ ಬಿಟ್ಟು ಓಡಿದಳು.

ಮಿಸ್ ಪರ್ಲೀ ಯಾರು ಅಂತ ಹೇಳಬೇಕು. ಲಾಂಡ್ರಿಗೆ ಅವಳೇ ದೊಡ್ಡವಳು. ದಪ್ಪ ಮೈ, ದೊಡ್ಡ ಬಾಯಿ, ಎಲ್ಲರನ್ನೂ ಮಗಾ ಮಗಾ ಅಂತಲೇ ಕರೆಯೋದು. ಡೆಸ್ರೀನ್ ಮೊದಲ ಸಲ ಬಂದಾಗ ಮಂಚದ ಹೊದಿಕೆಯ ಮೂಲೆ ಮಡಚೋದು ಹೇಗೆ, ಅಳು ಬಂದರೆ ಯಾವ ಯಂತ್ರದ ಹಿಂದೆ ನಿಂತು ಅಳಬೇಕು, ಎರಡನ್ನೂ ಕಲಿಸಿದವಳು ಅವಳೇ.

ಆ ದ್ವೀಪಕ್ಕೆ ಹೋಗೋರಿಗೆ ಕಾರು ಬೇಡ ಅಂತ ಎಲ್ಲ ಕಡೆ ಬರೆದಿರ್ತಾರೆ. ನಿಜಾನೇ. ಗಂಟೆ ಬಾರಿಸಿಕೊಂಡು ಸುತ್ತೋ ಪುಕ್ಕಟೆ ಬಸ್ಸಿದೆ. ಬಾಡಿಗೆಗೆ ಗಾಲ್ಫ್ ಗಾಡಿ ಸಿಗುತ್ತೆ, ಬುಟ್ಟಿ ಇಟ್ಟ ಸೈಕಲ್ ಸಿಗುತ್ತೆ. ಆದರೆ ಗಂಟೆ ಬಸ್ಸು ಆಲದ ಹತ್ತಿರ ತಿರುಗಿ ವಾಪಸ್ ಹೋಗುತ್ತೆ, ಸೇತುವೆ ದಾಟೋದಿಲ್ಲ. ಕೆಲಸದ ಬಟ್ಟೆ ಹಾಕಿದವರು ಅದನ್ನು ಹತ್ತೋ ಹಾಗೂ ಇಲ್ಲ. ಬ್ಲೀಚಿನ ವಾಸನೆ ಬರುತ್ತೆ ಅಂತ ಯಾರೋ ಅಮ್ಮಣ್ಣಿ ದೂರು ಕೊಟ್ಟಿದ್ದಳಂತೆ.

ಮುಂಚೆ ಕೆಲಸದವರಿಗೆ ಅಂತ ಹೋಟೆಲಿನದೇ ಒಂದು ವ್ಯಾನಿತ್ತು. ರಾತ್ರಿ ಎಲ್ಲರನ್ನೂ ದಡಕ್ಕೆ ಬಿಡುತ್ತಿತ್ತು. ಅದು ನಿಲ್ಲೋ ಜಾಗದಲ್ಲೇ ಅತಿಥಿಗಳು ಸೂರ್ಯ ಮುಳುಗೋ ಫೋಟೋ ತೆಗೆಯೋದು. ವ್ಯಾನು ಅಡ್ಡ ಬರುತ್ತೆ ಅಂದರು. ಖರ್ಚೂ ಅಂದರು. ನಿಲ್ಲಿಸಿಬಿಟ್ಟರು. ಎಲ್ಲರೂ ಸೇರಿ ಮ್ಯಾನೇಜರ್ ಮಿಸೆಸ್ ಹ್ಯಾಡ್ಲಿ ಹತ್ತಿರ ಹೋಗಿ ಕೇಳಿದರು. ಆಯಮ್ಮ ನಗುತ್ತಾ, ಈ ರಸ್ತೇಲಿ ನಡೆಯೋಕೆ ಅಂತಲೇ ಜನ ದುಡ್ಡು ಕೊಟ್ಟು ದೂರದಿಂದ ಬರ್ತಾರೆ, ನಿಮಗದು ದಿನಾ ಸಿಗುತ್ತಲ್ಲ, ಅಂದಳು.

ಹೊರಗೆ ಬಂದು ಮಿಸ್ ಪರ್ಲೀ ಹೇಳಿದ್ದಳು: "ಹಂಗಾದ್ರೆ ಒಂದು ವಾರ ಅವರು ಒಗೀಲಿ ಮಗಾ. ನಾವು ನಡೀತೀವಿ."

ಅದಾಗಿ ಸ್ವಲ್ಪ ದಿನಕ್ಕೇ, ಒಂದು ರಾತ್ರಿ, ಆಲಕ್ಕೂ ಸೇತುವೆಗೂ ನಡುವೆ ಅವಳಿಗೆ ಕಾರು ಹೊಡೆಯಿತು. ಕಾರು ನಿಲ್ಲಲಿಲ್ಲ. ಯಾರದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಬೆಳಗ್ಗೆ ನಾಯಿ ಕರಕೊಂಡು ಓಡೋಕೆ ಬಂದವರಿಗೆ ಕಾಂಡ್ಲಾ ಗಿಡದೊಳಗೆ ಸಿಕ್ಕಿದಳು. ಅವತ್ತು ಶನಿವಾರ. ಇದ್ದವರು ಹೋಗಿ ಹೊಸಬರು ಬರೋ ದಿನ. ಎಲ್ಲ ಕೋಣೆಗಳ ಬಟ್ಟೆ ಒಗೆಯೋಕಿತ್ತು. ಕಾಫಿ ಕುಡಿಯೋಷ್ಟು ಹೊತ್ತು ಅಳೋಕೆ ಬಿಟ್ಟರು, ಆಮೇಲೆ ಯಂತ್ರ ಹಾಕಿ ಅಂದರು. ನಮ್ಮಲ್ಲಿ ಸತ್ತವರಿಗೆ ಒಂಬತ್ತನೇ ರಾತ್ರಿ ಕೂರಬೇಕು. ಹಾಡಬೇಕು, ತಿನ್ನಬೇಕು, ಕುಡೀಬೇಕು, ಅವರನ್ನ ಬಾಯಿಬಿಟ್ಟು ಕಳಿಸಿಕೊಡಬೇಕು. ಇಲ್ಲದಿದ್ದರೆ ಅವರು ಹೋಗೋದಿಲ್ಲ. ಸೀಸನ್ ಜೋರಾಗಿತ್ತು. ಎಲ್ಲರಿಗೂ ಎರಡೆರಡು ಪಾಳಿ. ಯಾರೂ ಕೂರಲಿಲ್ಲ.

ಡೆಸ್ರೀನ್ ಇದನ್ನು ಮೊದಲು ಹೇಳಿದ್ದು ಮಾಸ್ ಕ್ಲೋವಿಸ್‌ಗೆ. ಆ ವ್ಯಾನು ಓಡಿಸುತ್ತಿದ್ದ ಮುದುಕ ಅವನು, ಹಿರಿಯರನ್ನ ನಮ್ಮಲ್ಲಿ ಮಾಸ್ ಅಂತೀವಿ. ವ್ಯಾನು ಹೋದ ಮೇಲೆ ಅವನಿಗೆ ಪೊರಕೆ ಕೊಟ್ಟು ಅಂಗಳ ಗುಡಿಸೋಕೆ ಹಾಕಿದ್ದರು. ಅವನು ಪೊರಕೆ ಗೋಡೆಗೆ ಒರಗಿಸಿ, ಅತ್ತಿತ್ತ ನೋಡಿ, ಪಿಸುದನಿಯಲ್ಲಿ ಕೇಳಿದ.

"ಓ ಅಂದ್ಯಾ?"

"ಇಲ್ಲ ಮಾಸ್ ಕ್ಲೋವಿಸ್."

"ಒಳ್ಳೇದಾಯ್ತು. ಆದ್ರೂ... ನಿನ್ನ ಹಿಂದೇನೇ ಯಾಕೆ ಕೂತಳೋ."

"ಕೂರೋಕೆ ಅಲ್ಲಿ ಬೇರೆ ಏನಿದೆ?"

ಮುದುಕ ಪೊರಕೆ ತಗೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದ.

ಕೋಣೆಯ ಹೆಂಗಸರು ಒಬ್ಬೊಬ್ಬರು ಒಂದೊಂದು ಹೇಳಿದರು. ಜೇಬಲ್ಲಿ ಉಪ್ಪು ಇಟ್ಟುಕೋ ಅಂದರು. ಅಂಗಿ ಒಳಮೈ ಹೊರಗೆ ಮಾಡಿ ಹಾಕಿಕೋ ಅಂದರು. ಡೆಸ್ರೀನ್ ಎರಡನ್ನೂ ಮಾಡಿದಳು. ಉಪ್ಪು ಬೆವರಿಗೆ ಕರಗಿ ತೊಡೆ ಉರಿಯಿತು. ಆಲದ ಕೆಳಗೆ ಬಂದಾಗ ಬೆಚ್ಚಗಿನ ಗಾಳಿ. ಕಿಚ್. ಎಡಕ್ಕೆ ಎಳೆತ. ದಿನಾ ರಾತ್ರಿ. ದಡದಲ್ಲಿ ಇಳಿದು ಅದೇ ಮಾತು. ಬಸ್ ಬಂತಾ... ಬಸ್ ಬಂತಾ...

ಹೆದರಿಕೆ ಬಹಳ ದಿನ ಉಳಿಯಲಿಲ್ಲವಂತೆ. ಉಳಿದದ್ದು ಸಿಟ್ಟು. ಬದುಕಿದ್ದಾಗ ಕಾಲು ಊದಿಕೊಂಡು ಆ ರಸ್ತೆ ನಡೆದವಳು, ಸತ್ತ ಮೇಲೂ ಬಸ್ಸಿಗೆ ಕಾಯಬೇಕಾ ಅಂತ. ಆಮೇಲಾಮೇಲೆ ಆಲದ ಹತ್ತಿರ ಬಂದಾಗ ತಾನೇ ಬ್ರೇಕ್ ಹಿಡಿಯುತ್ತಿದ್ದಳು. ಒಂದು ಕಾಲು ನೆಲಕ್ಕೆ ಊರಿ, ಮುಂದೆಯೇ ನೋಡುತ್ತಾ, ಮೆಲ್ಲಗೆ ಅನ್ನುತ್ತಿದ್ದಳು: "ಹತ್ಕೊಳ್ಳಿ ಮಿಸ್ ಪರ್ಲೀ."

ಫೆಬ್ರವರಿಯಲ್ಲಿ ಮಾಸ್ ಕ್ಲೋವಿಸ್ ಎಲ್ಲರನ್ನೂ ಕೂರಿಸಿದ. ತಡವಾದರೂ ಕಳಿಸಿಕೊಡೋಣ ಅಂದ. ಕೋಣೆಗಳ ಮುಂದಿನ ಮೋಟು ಅಂಗಳದಲ್ಲಿ ಮೀನು ಕರಿದರು. ಗಟ್ಟಿ ಬ್ರೆಡ್ಡು, ಕಾಫಿ, ಬಿಳಿ ರಮ್ಮು. ಮೊದಲ ಗುಟುಕು ಹೊಸ್ತಿಲಿಗೆ ಚೆಲ್ಲಿದರು. ಗಂಡಸರು ಡಾಮಿನೋ ಬಿಲ್ಲೆಗಳನ್ನು ಮೇಜಿಗೆ ಕುಟ್ಟಿ ಆಡಿದರು, ಟಪ್... ಟಪ್... ಹೆಂಗಸರು ಚರ್ಚಿನ ಹಾಡು ಹೇಳಿದರು. ಮಿಸ್ ಪರ್ಲೀ ತಾಳ ತಪ್ಪಿ ಹಾಡುತ್ತಿದ್ದದ್ದನ್ನು ಯಾರೋ ಅಣಕಿಸಿದರು, ಎಲ್ಲರೂ ನಕ್ಕರು, ಆಮೇಲೆ ಅತ್ತರು. ಅವಳು ಮಲಗುತ್ತಿದ್ದ ಹಾಸಿಗೆಯನ್ನು ತಿರುವಿ ಹಾಕಿ, ಮಂಚವನ್ನು ಬೇರೆ ಗೋಡೆಗೆ ಸರಿಸಿದರು. ವಾಪಸ್ ಬಂದರೂ ಗುರುತು ಸಿಗಬಾರದು ನೋಡಿ.

ನಡುರಾತ್ರಿಗೆ ಮಾಸ್ ಕ್ಲೋವಿಸ್ ಟೊಪ್ಪಿ ತೆಗೆದು ಬಾಗಿಲ ಕಡೆ ತಿರುಗಿ ಹೇಳಿದ.

"ಪರ್ಲೀ, ಈ ಬಸ್ಸು ಬರೋದಿಲ್ಲ. ಕಾಯಬೇಡ. ಊರಿಗೆ ಹೋಗು."

ಗಾಳಿ ಇರಲಿಲ್ಲ. ಬಾಗಿಲ ಪರದೆ ಹೊರಗಡೆಗೆ ಉಬ್ಬಿತು. ನಿಧಾನಕ್ಕೆ ಇಳಿಯಿತು.

ಮಾರನೇ ರಾತ್ರಿ ಡೆಸ್ರೀನ್ ಆಲದ ಕೆಳಗೆ ಬಂದು ನಿಂತಳು. ಚಳಿ ಚಳಿಯಾಗಿಯೇ ಇತ್ತು. ಸೈಕಲ್ಲು ಹಗುರ. ಸೇತುವೆಯ ಮೇಲೆ ಎರಡು ಚಕ್ರವೂ ಟಕ್ ಟಕ್ ಅಂದವು. ಒಳ್ಳೇದಾಯ್ತು ಅಂದುಕೊಂಡಳು. ಆದರೂ ದಡ ಮುಟ್ಟುವವರೆಗೂ ಕಣ್ಣಲ್ಲಿ ನೀರು ನಿಲ್ಲಲಿಲ್ಲವಂತೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಕತೆ ಹೇಳುತ್ತಲೇ ಇರಲಿಲ್ಲ.

ಮತ್ತೊಂದು ರಾತ್ರಿ. ಅದೇ ಮರ. ಡೆಸ್ರೀನ್ ಏನನ್ನೂ ನೆನೆಸದೆ ಹೋಗುತ್ತಿದ್ದಳು. ಮುಖಕ್ಕೆ ಬೆಚ್ಚಗೆ ತಾಗಿತು...

ಕಿಚ್.

"ಹೋಗ್ಲಿಲ್ವಾ ಮಿಸ್ ಪರ್ಲೀ?" ಅಂದಳು.

ಸೈಕಲ್ಲು ಎಡಕ್ಕೆ ಎಳೆಯಲಿಲ್ಲ. ಭಾರ ನೇರಕ್ಕಿತ್ತು. ಎರಡೂ ಕಡೆ ಕಾಲು ಹಾಕಿ ಕೂತ ಭಾರ. ಗಂಡಸರು ಕೂರೋ ಹಾಗೆ. ಬ್ಲೀಚಿನ ವಾಸನೆ ಅಲ್ಲ, ಆಗಷ್ಟೇ ಕತ್ತರಿಸಿದ ಹುಲ್ಲು, ಪೆಟ್ರೋಲು, ಅದರಡಿಯಲ್ಲಿ ಕೆಸರು. ಕಿವಿಯ ಹಿಂದೆಯೇ ಒಂದು ಗಂಡು ದನಿ, ಬಹಳ ಸಣ್ಣಗೆ, ಬಹಳ ಮರ್ಯಾದೆಯಿಂದ...

"ಪೋರ್ ಫಾವೋರ್."

ಅಡುಗೆಮನೆಯವರು ತಟ್ಟೆ ಕೇಳುವಾಗ ದಿನಾ ಅನ್ನೋ ಮಾತು. ಸ್ಪ್ಯಾನಿಷ್‌ನಲ್ಲಿ ದಯವಿಟ್ಟು ಅಂತ.

ಡೆಸ್ರೀನ್ ತುಳಿದಳು. ಇನ್ನೇನು ಮಾಡುತ್ತಾಳೆ? ಅವನು ದಡದಲ್ಲಿ ಇಳಿದ. ಏನೂ ಕೇಳಲಿಲ್ಲ.

ಪಾತ್ರೆ ತೊಳೆಯೋ ಯುಸೇಬಿಯೊ ಗ್ವಾಟೆಮಾಲದವನು. ಮರುದಿನ ಅವನನ್ನು ಮೂಲೆಗೆ ಕರೆದು ಕೇಳಿದಳು, ನಿಮ್ಮವರು ಯಾರಾದರೂ ಹುಲ್ಲು ಕತ್ತರಿಸೋರು ಆ ರಸ್ತೇಲಿ... ಅವಳು ಮಾತು ಮುಗಿಸಲಿಲ್ಲ. ಯುಸೇಬಿಯೊ ಕೈಲಿದ್ದ ತಟ್ಟೆ ಕೆಳಗಿಟ್ಟ. ಅವನ ಊರಿನವನೇ ಒಬ್ಬನಿದ್ದನಂತೆ, ಹಸಿಂತೊ ಅಂತ. ಸಮುದ್ರದ ಕಡೆಯ ಮನೆಗಳಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಕೆಲವು ವರ್ಷದ ಹಿಂದೆ ಒಂದು ಸಂಜೆ ಕೆಲಸ ಮುಗಿಸಿ ನಡಕೊಂಡು ಹೊರಟವನು ಕೋಣೆಗೆ ಬರಲಿಲ್ಲ.

"ಟೆಕ್ಸಾಸ್‌ಗೆ ಹೋದ ಅಂದ್ಕೊಂಡ್ವಿ," ಅಂದ ಯುಸೇಬಿಯೊ. "ಪೊಲೀಸ್ ಹತ್ರ ನಾವು ಹೋಗೋ ಹಂಗಿಲ್ವಲ್ಲ ಅಕ್ಕಾ. ಅವನ ಹೆಂಡ್ತಿ ಇನ್ನೂ ಫೋನ್ ಮಾಡ್ತಾಳೆ. ಟೆಕ್ಸಾಸ್ ಅಂತಲೇ ಹೇಳ್ತೀನಿ."

ಯಾರೂ ಹುಡುಕಿರಲಿಲ್ಲ.

ಹಸಿಂತೊ ಆದ ಮೇಲೆ ಇನ್ನೂ ಕೆಲವರು ಬಂದರು. ಒಬ್ಬರು ತೀರಾ ಹಗುರ, ಕೂತದ್ದೇ ಗೊತ್ತಾಗುತ್ತಿರಲಿಲ್ಲ. ಒಬ್ಬರು ಸೇತುವೆ ಪೂರ್ತಿ ಕೆಮ್ಮುತ್ತಿದ್ದರು. ಇನ್ನೊಬ್ಬರು ಬೀಳದ ಹಾಗೆ ಅವಳ ಅಂಗಿಯ ತುದಿ ಹಿಡಿದುಕೊಳ್ಳುತ್ತಿದ್ದರು, ಬೆಳಗ್ಗೆ ನೋಡಿದರೆ ಅಲ್ಲಿ ಕೆಸರಿನ ಗುರುತು. ಡೆಸ್ರೀನ್ ಹೆಸರು ಕೇಳೋದು ಬಿಟ್ಟಳು. ಅಷ್ಟು ಜನ ಆ ರಸ್ತೆಯಲ್ಲಿ ಉಳಿದುಬಿಟ್ಟಿದ್ದಾರೆ ಅಂತ ದ್ವೀಪದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ರಾತ್ರಿಗೆ ಒಬ್ಬರನ್ನೇ ತಾನೇ ಅವಳು ದಾಟಿಸೋಕೆ ಆಗೋದು... ಮಿಕ್ಕವರು ಅಲ್ಲೇ ನಿಂತಿರುತ್ತಿದ್ದರು ಅಂತ ಕಾಣುತ್ತೆ. ಯಾಕಂದರೆ ಮಾರ್ಚಿನಲ್ಲಿ ಅತಿಥಿಗಳ ಕಣ್ಣಿಗೆ ಬಿದ್ದರು.

ಮೊದಲು ಒಂದು ಜೋಡಿ, ಗಂಡ ಹೆಂಡತಿ. ಊಟ ಮುಗಿಸಿ ಗಾಲ್ಫ್ ಗಾಡಿಯಲ್ಲಿ ಸೇತುವೆ ನೋಡೋಕೆ ಹೋಗಿದ್ದರಂತೆ. ಆಲದ ಕೆಳಗೆ ಕೆಲಸದ ಬಟ್ಟೆ ಹಾಕಿದ ಜನ ಸಾಲಾಗಿ ನಿಂತು ಕೈ ಅಡ್ಡ ಹಾಕಿದರು ಅಂದರು. ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮಾತಾಡಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆಮೇಲೆ ಇನ್ನೊಬ್ಬರೂ ಹಾಗೇ ಅಂದರು. ಸಮುದ್ರದ ಮನೆಯ ಯಜಮಾನನೊಬ್ಬ ಫೋನ್ ಮಾಡಿ ಬೈದ. ನಿಮ್ಮ ಆಳುಗಳು ರಾತ್ರಿ ರಸ್ತೇಲಿ ನಿಂತರೆ ನಮ್ಮ ಮನೆ ಬಾಡಿಗೆಗೆ ಯಾರು ಬರ್ತಾರೆ ಅಂತ.

ಮಿಸೆಸ್ ಹ್ಯಾಡ್ಲಿ ಎಲ್ಲರನ್ನೂ ಲಾಂಡ್ರಿಯಲ್ಲಿ ನಿಲ್ಲಿಸಿದಳು. ಅಲ್ಲಿ ನಿಲ್ಲೋದು ಯಾರು, ಯಾಕೆ, ಅಂತ ಕೇಳಿದಳು. ಯಂತ್ರಗಳು ಗುಡುಗುಡು ತಿರುಗುತ್ತಿದ್ದವು. ಕೊನೆಗೆ ಮಾಸ್ ಕ್ಲೋವಿಸ್ ಅಂದ.

"ಅವರಿಗೆ ಗಾಡಿ ಬೇಕು ಮೇಡಂ."

"ಯಾರಿಗೆ?"

"ಅಲ್ಲಿ ನಿಂತಿರೋರಿಗೆ."

ಮಿಸೆಸ್ ಹ್ಯಾಡ್ಲಿ ಅವನ ಮುಖ ನೋಡಿದಳು.

ಆ ವಾರವೇ ವ್ಯಾನು ವಾಪಸ್ ಬಂತು, ಮಾಸ್ ಕ್ಲೋವಿಸ್ ಮತ್ತೆ ಸ್ಟೀರಿಂಗ್ ಹಿಡಿದ. ನಿಮ್ಮ ಕ್ಷೇಮ ನಮಗೆ ಮುಖ್ಯ ಅಂತ ಆಯಮ್ಮ ಸಣ್ಣ ಭಾಷಣ ಮಾಡಿದಳು. ಕಸದ ಡಬ್ಬಗಳ ಹಿಂದೆಯೇ ನಿಲ್ಲಬೇಕು, ದಾರಿಯಲ್ಲಿ ಎಲ್ಲೂ ನಿಲ್ಲಿಸಬಾರದು, ಅತಿಥಿಗಳ ಕಣ್ಣಿಗೆ ಬೀಳಬಾರದು ಅಂದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಡೆಸ್ರೀನ್ ಒಣಗಿಸೋ ಯಂತ್ರದ ಬಾಗಿಲು ತೆಗೆದು, ಬಿಸಿ ಹೊದಿಕೆ ಎಳೆದು, ಮೂಲೆಗೆ ಮೂಲೆ ಸೇರಿಸಿ ಮಡಚಿದಳು. ಪಕ್ಕದಲ್ಲಿದ್ದವಳಿಗೆ ಮಾತ್ರ ಕೇಳುವ ಹಾಗೆ ಅಂದಳು:

"ಜೀವ ಇರೋರು ಕೇಳಿದಾಗ ಕೊಡಲಿಲ್ಲ, ನೋಡು."

ನಾನು ಅಲ್ಲಿಗೆ ಕೆಲಸಕ್ಕೆ ಸೇರಿದ್ದು ಆ ತಿಂಗಳ ಕೊನೆಯಲ್ಲಿ. ಇನ್ನು ಮುಂದಿನದನ್ನು ಡೆಸ್ರೀನ್ ಹೇಳಿದ್ದಲ್ಲ.

ಮೊದಲ ರಾತ್ರಿ ಪಾಳಿ ಮುಗಿಸಿ ವ್ಯಾನು ಹತ್ತಿದೆ. ಸೊಂಟ ಮುರಿದು ಹೋಗಿತ್ತು. ಮುಂದಿನ ಸೀಟುಗಳಲ್ಲಿ ಜನ ಒಬ್ಬರ ಮೇಲೊಬ್ಬರು ಕೂತಿದ್ದರು. ಹಿಂದಿನ ಸಾಲು ಪೂರ್ತಿ ಖಾಲಿ. ನಾನು ಆ ಕಡೆ ಹೋದೆ. ಡೆಸ್ರೀನ್ ನನ್ನ ಮಣಿಕಟ್ಟು ಹಿಡಿದು ಎಳೆದಳು. ಅಲ್ಲಿ ಬೇಡ ಅಂದಳು. ತನ್ನ ತೊಡೆಯ ಮೇಲೇ ಕೂರಿಸಿಕೊಂಡಳು.

ಆಲದ ಕೆಳಗೆ ಮಾಸ್ ಕ್ಲೋವಿಸ್ ಗಾಡಿ ನಿಲ್ಲಿಸಿದ. ನಾನು ಕಿಟಕಿಯಿಂದ ನೋಡಿದೆ. ಬಿಳಲುಗಳು, ಕತ್ತಲು. ಒಬ್ಬರೂ ಇಲ್ಲ. ಅವನು ಇಳಿದು ಬಂದು ಪಕ್ಕದ ಬಾಗಿಲು ಸರಿಸಿದ. ಘರ್ರ್... ಟೊಪ್ಪಿ ತೆಗೆದು ಕೈಲಿ ಹಿಡಿದು ಬಾಗಿಲ ಪಕ್ಕ ನಿಂತ. ವಯಸ್ಸಾದವರು ಹತ್ತೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಎಲ್ಲರೂ ಮೊಣಕಾಲು ಓರೆ ಮಾಡಿ ದಾರಿ ಬಿಟ್ಟರು. ನಾನೂ ಬಿಟ್ಟೆ, ಯಾಕೆ ಅಂತ ಗೊತ್ತಿಲ್ಲದೆ.

ಬಾಗಿಲು ಹಾಕಿದ. ಸ್ಟೀರಿಂಗ್ ಮುಂದೆ ಬಂದು ಕೂತ. ಹೊರಡಲಿಲ್ಲ. ಕನ್ನಡಿಯಲ್ಲಿ ನೋಡುತ್ತಾ ಕಾದ.

ಹಿಂದಿನ ಸಾಲಿನಲ್ಲಿ... ಕ್ಲಿಕ್.

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಕ್ಲಿಕ್.

ಆಮೇಲೆ ಗೇರ್ ಹಾಕಿದ.

ಬೇಡ ಅಂತ ಡೆಸ್ರೀನ್ ನನ್ನ ತೋಳು ಒತ್ತಿದಳು. ನಾನು ತಿರುಗಿ ನೋಡಿದೆ. ಎದುರಿಂದ ಬಂದ ಒಂದು ಕಾರಿನ ಬೆಳಕು ಒಳಗೆಲ್ಲ ಹಾಯಿತು, ಚೆನ್ನಾಗಿ ಕಂಡಿತು. ಸೀಟು ಖಾಲಿ. ಬೆಲ್ಟುಗಳು ಹಾಕಿದ್ದವು. ಆದರೆ ಸೀಟಿಗೆ ಅಂಟಿಕೊಂಡಿರಲಿಲ್ಲ. ಒಂದು ಗೇಣು ಮುಂದಕ್ಕೆ, ಗಾಳಿಯಲ್ಲಿ, ಬಿಗಿಯಾಗಿ ನಿಂತಿದ್ದವು. ಈ ಎರಡು ಕಣ್ಣಿಂದ ನೋಡಿದ್ದೇನೆ.